ಓದು ನಿಂತರೆ ಹುಡುಗನೂ ನಿಲ್ಲಬೇಕಾ?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ದಿನ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ತಾಲ್ಲೂಕುವಾರು ಲೆಕ್ಕ ಬರೆದು ಕಳಿಸುವುದು ನಮ್ಮ ಕೆಲಸ. ಫೇಲಾದವರು ನಮಗೆ ಬರೀ ಅಂಕಿ. ಹೋದ ವರ್ಷ ನಮ್ಮ ಮಗನೇ ಐದನೇ ಕ್ಲಾಸಿನಲ್ಲಿ ಮತ್ತೆ ಕೂತಾಗ ಆ ಅಂಕಿಯೊಳಗೆ ಏನಿರುತ್ತದೆ ಅಂತ ಗೊತ್ತಾಯಿತು.

ಕಾಮಾಲೆಯಿಂದ ಅವನಿಗೆ ಮೂರು ತಿಂಗಳು ಶಾಲೆ ತಪ್ಪಿತ್ತು. ಭಾಗಾಕಾರ ಬರುತ್ತಿರಲಿಲ್ಲ. ಮೇಷ್ಟ್ರು ಆರಕ್ಕೆ ಕಳಿಸೋಣ ಅಂದರು. ಬೇಡ, ಬುನಾದಿ ಗಟ್ಟಿಯಾಗಲಿ ಅಂದವರು ನಾವೇ. ಅದಕ್ಕೆ ಈಗಲೂ ಬೇಸರವಿಲ್ಲ.

ಕಷ್ಟ ಶುರುವಾದದ್ದು ಜೂನ್‌ನಲ್ಲಿ. ಅವನು ಕಬ್‌ನಲ್ಲಿದ್ದ. ಆ ಶಾಲೆಯಲ್ಲಿ ಐದರವರೆಗೆ ಕಬ್, ಆರರಿಂದ ಸ್ಕೌಟ್. ಜೊತೆಯ ಹುಡುಗರೆಲ್ಲ ಸ್ಕೌಟ್‌ಗೆ ಹೋದರು. ನಮಗೆ ಭಯ. ಅವರ ನಡುವೆ ನಿಂತರೆ ‘ಫೇಲಾದವನು’ ಅಂತ ರೇಗಿಸುತ್ತಾರೆ, ಕ್ಲಾಸು ಹೇಗೂ ಐದೇ, ಕಬ್‌ನಲ್ಲೇ ಇರಲಿ ಅಂದುಕೊಂಡೆವು.

ಅವನ ಅಜ್ಜಿ ಒಪ್ಪಲಿಲ್ಲ. “ಓದು ಒಂದೊರ್ಸ ನಿಂತೈತೆ, ಹುಡ್ಗ ನಿಂತೌನೇನ್ರಪ್ಪಾ? ಅಂಗಿ ನೋಡಿ, ಹೆಂಗ್ ಬಿಗಿಯಾಗೈತೆ!”

ಆಮೇಲೆ ನಿಯಮ ನೋಡಿದೆವು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಲೆಕ್ಕಕ್ಕೆ ಬರುವುದು ವಯಸ್ಸು. ಹತ್ತು ತುಂಬಿದವನು ಸ್ಕೌಟ್ ಆಗಬಹುದು. ಅಲ್ಲಿಂದ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ. ಹಗ್ಗದ ಗಂಟು, ಪ್ರಥಮ ಚಿಕಿತ್ಸೆ ಕಲಿತು ತೋರಿಸಿದರೆ ಮೇಲಕ್ಕೆ. ಶಾಲಾ ಕ್ರೀಡಾಕೂಟದಲ್ಲೂ 14 ವರ್ಷದೊಳಗೆ, 17 ವರ್ಷದೊಳಗೆ ಅಂತ ಹುಟ್ಟಿದ ದಿನಾಂಕವೇ ಲೆಕ್ಕ. ಪ್ರತಿಭಾ ಕಾರಂಜಿಯಲ್ಲಿ ಮಾತ್ರ ತರಗತಿ ನೋಡಿ ವಿಭಾಗ ಮಾಡುತ್ತಾರೆ. ಅಂದರೆ ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿದಿದ್ದು ನಾವು.

ಕೊನೆಗೆ ಅವನನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಅಲ್ಲೂ ಇನ್ನೊಂದು ವರ್ಷಾನಾ?” ಅಂದ. ಆ ‘ಅಲ್ಲೂ’ ಅನ್ನುವ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ.

ಸ್ಕೌಟ್ ಮೇಷ್ಟ್ರ ಹತ್ತಿರ ಮಾತಾಡಿ ಕಳಿಸಿದೆವು. ಮೊದಲ ವಾರ ಯಾರೋ ಅಂದೇ ಅಂದರು. ಅವನು ರಾತ್ರಿ ಊಟ ಬಿಟ್ಟು ಮಲಗಿದ. ವಾಪಸ್ ಕರೆಸೋಣವಾ ಅಂತ ನಾವೂ ನಿದ್ದೆಗೆಟ್ಟೆವು. ಬೆಳಿಗ್ಗೆ ಅವನೇ ಸ್ಕಾರ್ಫ್ ಹುಡುಕುತ್ತಿದ್ದ. ಈಗಲೂ ಕೆಲವು ದಿನ ಹೋಗಲ್ಲ ಅಂತಾನೆ. ಭಾಗಾಕಾರ ಬರುತ್ತದೆ. ಕರುವಿನ ಹಗ್ಗ ಬಿಚ್ಚದ ಹಾಗೆ ಕಟ್ಟುವುದನ್ನು ಅಜ್ಜಿಗೇ ಹೇಳಿಕೊಡುತ್ತಾನೆ.

ಎಲ್ಲ ಮಕ್ಕಳಿಗೂ ಇದೇ ಸರಿ ಅನ್ನುವುದಿಲ್ಲ. ಚಿಕ್ಕವರ ಜೊತೆಗೇ ಇರುತ್ತೇನೆ ಅನ್ನುವ ಮಗುವನ್ನು ಎಳೆದು ಮೇಲೆ ಹಾಕಬೇಕಿಲ್ಲ. ಆದರೆ ‘ಪಾಸಾಗುವವರೆಗೆ ಕಬಡ್ಡಿ ಬೇಡ, ಕ್ಯಾಂಪ್ ಬೇಡ’ ಅಂತ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಹಾಗೆ ಹೇಳುವ ಮೊದಲು ಮಗುವನ್ನು ಒಂದು ಮಾತು ಕೇಳಿ.

ಈ ಸಲ ರಿಸಲ್ಟ್ ಸುದ್ದಿ ಕಳಿಸುವಾಗ ಕೊನೆಗೊಂದು ಸಾಲು ಸೇರಿಸಿದೆವು: ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಲು ಕೊನೆಯ ದಿನಾಂಕ.