128ನೇ ಹೆದ್ದಾರಿಯಲ್ಲಿ ಒಂದು ರಾತ್ರಿ

ಡಿಸೆಂಬರಿನ ಸಂಜೆ ಬಚ್ಚಲೊಲೆಗೆ ಕುಂಟೆ ತುರುಕಿ ಕೂತರೆ ಸಾಕು, ಮೊಮ್ಮಕ್ಕಳು ಸುತ್ತ ಸೇರಿ “ಅಜ್ಜ, ಆ ಸ್ನೋ ಕಥೆ” ಎನ್ನುತ್ತವೆ. ಅವರಿಗೆ ಅದು ಕಥೆ. ಆ ಸೋಮವಾರ ಮನೆ ಬಿಟ್ಟು ಕೆಲಸಕ್ಕೆ ಹೋದ ನಮಗೆ ಹಾಗಲ್ಲ. 1978ರ ಫೆಬ್ರುವರಿ 6 ಎಂದರೆ ಬಾಸ್ಟನ್ ಕಡೆಯ ಹಳಬರು ಇವತ್ತಿಗೂ ಮಾತು ನಿಲ್ಲಿಸಿ, ತಾವು ಅಂದು ಎಲ್ಲಿದ್ದೆವು ಎಂದು ಹೇಳತೊಡಗುತ್ತಾರೆ.

ಹವಾಮಾನದವರು ಎಚ್ಚರಿಕೆಯನ್ನೇ ಕೊಡಲಿಲ್ಲ ಎಂದು ಆಮೇಲೆ ಎಷ್ಟೋ ಜನ ದೂರಿದರು. ಆ ದೂರು ನ್ಯಾಯವಲ್ಲ. ಭಾರಿ ಹಿಮ ಬರುತ್ತದೆ, ಸೋಮವಾರ ಬೆಳಗಿನ ಹೊತ್ತಿಗೆ ಶುರುವಾಗುತ್ತದೆ ಎಂದು ಮೊದಲೇ ಹೇಳಿದ್ದರು. ಬೆಳಗ್ಗೆ ಎದ್ದು ಪರದೆ ಸರಿಸಿದರೆ ಆಕಾಶ ಬೂದಿ ಬಣ್ಣಕ್ಕಿತ್ತೇ ಹೊರತು ಒಂದು ಹನಿಯೂ ಬಿದ್ದಿರಲಿಲ್ಲ. ಹಿಂದಿನ ತಿಂಗಳು, ಜನವರಿ 20ರಂದು, ಒಂದೇ ಏಟಿಗೆ 21 ಅಂಗುಲ ಬಿದ್ದ ಹಿಮ ಬೀದಿಯಂಚಿನಲ್ಲಿ ಕೊಳೆಯಾಗಿ ಗಟ್ಟಿಕಟ್ಟಿ ಕೂತಿತ್ತು. ಅದನ್ನೇ ದಾಟಿ ಬಂದ ಜನಕ್ಕೆ ಇನ್ನೊಂದರ ಭಯ ಇರಲಿಲ್ಲ. ಹೇಳಿದ್ದಕ್ಕಿಂತ ಕೆಲವು ಗಂಟೆ ತಡವಾಗಿ ಬಂತು, ಅಷ್ಟೇ. ಅಷ್ಟರಲ್ಲಿ ಊರಿಗೆ ಊರೇ ಕೆಲಸಕ್ಕೆ ಹೋಗಿಯಾಗಿತ್ತು. ಮುಂದೆ ನಡೆದ ಅನಾಹುತಕ್ಕೆ ಹಿಮದಷ್ಟೇ ಆ ಕೆಲವು ಗಂಟೆಗಳೂ ಕಾರಣ ಎಂದು ನಾನು ಇಂದಿಗೂ ನಂಬಿದ್ದೇನೆ.

ಬಾಸ್ಟನ್ ನಗರವನ್ನು ಅರ್ಧಚಂದ್ರದಂತೆ ಬಳಸಿ ಹೋಗುವ ರಸ್ತೆ ರೂಟ್ 128. ಎಲೆಕ್ಟ್ರಾನಿಕ್ಸ್ ಕಂಪನಿಗಳೆಲ್ಲ ಆಗ ಆ ರಸ್ತೆಯ ಇಕ್ಕೆಲದಲ್ಲೇ ಇದ್ದವು. ವಾಲ್ತಮ್‌ನ ಅಂಥ ಒಂದರಲ್ಲಿ ನಾನು ಸರ್ಕ್ಯೂಟ್ ಪರೀಕ್ಷೆ ಮಾಡುವ ಎಂಜಿನಿಯರು, ತೀರ್ಥಹಳ್ಳಿಯಿಂದ ಹೋದವನು. ಅದೇ ವಿಭಾಗದಲ್ಲಿ ಧಾರವಾಡದವರೊಬ್ಬರು ಇದ್ದರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾವೆಲ್ಲ ರಾಯರು ಅನ್ನುತ್ತಿದ್ದೆವು. ಅವರ ಹಳೆಯ ಪ್ಲಿಮತ್ ಕಾರಿನಲ್ಲೇ ಇಬ್ಬರೂ ಹೋಗಿ ಬರುತ್ತಿದ್ದೆವು.

ಹತ್ತು ಗಂಟೆ ದಾಟಿದ ಮೇಲೆ ಹಿಮ ಶುರುವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಎದುರಿನ ಕಟ್ಟಡ ಕಾಣದಾಯಿತು. ದೊಡ್ಡ ದೊಡ್ಡ ಎಸಳಾಗಿ ತೇಲಿ ಬರುವ ಹಿಮ ಅಲ್ಲ ಅದು. ಅಕ್ಕಿ ಗಿರಣಿಯ ತೌಡು ಹಾರಿದ ಹಾಗೆ, ಸಣ್ಣಗೆ, ಅಡ್ಡಡ್ಡ ಬೀಸಿ ಬರುತ್ತಿತ್ತು. ಆರ್ಕ್ಟಿಕ್ ಕಡೆಯಿಂದ ಇಳಿದ ಥಂಡಿ ಗಾಳಿ ಅಟ್ಲಾಂಟಿಕ್ ಸಾಗರದ ತೇವದ ಗಾಳಿಗೆ ಎದುರಾಗಿ ಕರಾವಳಿಯ ಆಚೆಗೆ ಚಂಡಮಾರುತ ಎದ್ದಿತ್ತು. ಸಾಮಾನ್ಯವಾಗಿ ಅಂಥದ್ದು ಕೆಲವೇ ಗಂಟೆಗಳಲ್ಲಿ ಈಶಾನ್ಯಕ್ಕೆ ಜಾರಿ ಹೋಗುತ್ತದೆ. ಈ ಸಲ ಕೆನಡಾದ ಮೇಲಿದ್ದ ಅಧಿಕ ಒತ್ತಡ ಅದಕ್ಕೆ ದಾರಿ ಬಿಡಲಿಲ್ಲ. ಬಂದದ್ದು ಅಲ್ಲೇ ಠಿಕಾಣಿ ಹೂಡಿತು. ಮುಂದಿನ ರಾತ್ರಿ ನಿಲ್ಲುವ ಹೊತ್ತಿಗೆ ಬಾಸ್ಟನ್ನಿನಲ್ಲಿ 27 ಅಂಗುಲ ಬಿದ್ದಿತ್ತು.

ಎಲ್ಲ ಕಂಪನಿಗಳೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಜನರನ್ನು ಮನೆಗೆ ಬಿಟ್ಟವು. ಸಾವಿರಾರು ಕಾರುಗಳು ಒಂದೇ ರಸ್ತೆಗೆ ಬಂದು ಬಿದ್ದವು. ಮುಂದೆ ಎಲ್ಲೋ ಲಾರಿಗಳು ಜಾರಿ ಅಡ್ಡ ನಿಂತವು. ಹಿಮ ಗೋರುವ ಗಾಡಿ ಬರಬೇಕೆಂದರೆ ರಸ್ತೆಯ ತುಂಬ ಕಾರು. ಕಾರು ಹೋಗಬೇಕೆಂದರೆ ಹಿಮ ಗೋರಬೇಕು. ನೀಡಮ್ ಹತ್ತಿರ ನಮ್ಮ ಪ್ಲಿಮತ್ ನಿಂತಿತು, ಮತ್ತೆ ಅಲುಗಲಿಲ್ಲ. ಮುಂದಿನ ಕಾರಿನ ಕೆಂಪು ದೀಪ ಸ್ವಲ್ಪ ಹೊತ್ತು ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ನನಗೆ ಆಗ ಭಯವೇನೂ ಆಗಲಿಲ್ಲ. ಕಾರಿನೊಳಗೆ ಹೀಟರ್ ಇದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ರೇಡಿಯೋ ಹಾಡುತ್ತಿದೆ. ರಾಯರು ಮಾತ್ರ ಸುಮ್ಮನೆ ಕೂರಲಿಲ್ಲ. ಅವರು ಹಿಂದಿನ ವರ್ಷ ಬಫೆಲೊ ನಗರದಲ್ಲಿದ್ದವರು. 1977ರ ಜನವರಿ 28ರಂದು ಅಲ್ಲಿ ಎದ್ದ ಹಿಮಗಾಳಿಯಲ್ಲಿ ಹೂತುಹೋದ ಕಾರುಗಳೊಳಗೆ ಹೆಣ ಸಿಕ್ಕಿದ್ದನ್ನು ಕಣ್ಣಾರೆ ಕಂಡವರ ಬಾಯಿಂದ ಕೇಳಿದ್ದರು.

“ಏ ತಮ್ಮಾ, ಇಂಜಿನ್ ಬಂದ್ ಮಾಡತೇನಿ. ಥಂಡಿ ಆಗತದ, ಆಗ್ಲಿ.”

“ಯಾಕೆ ರಾಯರೇ? ಪೆಟ್ರೋಲ್ ಇದೆಯಲ್ಲ.”

“ಪೆಟ್ರೋಲ್ ಮಾತಲ್ಲೋ ಇದು. ಸೈಲೆನ್ಸರ್ ಬಾಯಿ ಮುಚ್ಚೇದ. ಹೊಗಿ ಹೊರಗ ಹೋಗೂದಿಲ್ಲ, ಒಳಗ ಬರತದ. ಅದರಾಗಿನ ವಿಷಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ನಿದ್ದಿ ಬಂದಂಗ ಆಗತದ, ಮುಗೀತು. ಇಳಿ ಕೆಳಗ.”

ಬಾಗಿಲು ಒತ್ತಿ ತೆರೆಯುವುದೇ ಕಷ್ಟವಾಯಿತು. ಹಿಂದೆ ಹೋಗಿ ನೋಡಿದರೆ ಬಂಪರ್ ಕಾಣುತ್ತಿಲ್ಲ. ಸಲಿಕೆ ಇರಲಿಲ್ಲ. ರಾಯರು ತಮ್ಮ ಊಟದ ಸ್ಟೀಲ್ ಡಬ್ಬಿಯ ಮುಚ್ಚಳ ತಂದರು. ನೆಲಕ್ಕೆ ಮೊಣಕಾಲೂರಿ, ಕೈಗವಸು ತೊಟ್ಟ ಎಡಗೈಯಲ್ಲಿ ಕಾರಿನ ಅಂಚು ಹಿಡಿದು, ಬಲಗೈಯಿಂದ ಗೋರಿ ಗೋರಿ ಹಾಕಿದರು. ಮೇಲೆ ಪುಡಿ ಹಿಮ. ಕೊಳವೆಯ ಸುತ್ತ ಹೊಗೆಯ ಶಾಖಕ್ಕೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರ. ಅದನ್ನು ಮುಚ್ಚಳದ ಅಂಚಿನಿಂದ ಕುಟ್ಟಿ ಒಡೆಯಬೇಕಾಯಿತು. ಕೊಳವೆಯ ಕಪ್ಪು ಬಾಯಿ ಕಂಡಮೇಲೆ ಇಂಜಿನ್ ಹಾಕಿ, ಗಾಳಿ ಬಡಿಯದ ಕಡೆಯ ಗಾಜನ್ನು ಬೆರಳಷ್ಟು ಇಳಿಸಿ, ಹತ್ತು ನಿಮಿಷ ಬೆಚ್ಚಗಾಗಿ ಮತ್ತೆ ಆರಿಸಿದೆವು. ಮತ್ತೆ ಹಾಕುವ ಮೊದಲು ಮತ್ತೆ ಗೋರುವುದು. ರಾತ್ರಿಯಿಡೀ ಇದೇ ಸರದಿ, ಒಮ್ಮೆ ಅವರು, ಒಮ್ಮೆ ನಾನು. ಒಮ್ಮೆ ಮಿಂಚು ಹೊಳೆದು ಗುಡುಗಿತು. ಹಿಮ ಬೀಳುವಾಗಲೂ ಗುಡುಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಪಕ್ಕದ ಸಾಲಿನಲ್ಲಿ ಒಂದು ಸಣ್ಣ ಕಾರು. ಅದರ ಇಂಜಿನ್ ಓಡುತ್ತಲೇ ಇತ್ತು. ರಾಯರು ಹೋಗಿ ಗಾಜು ಬಡಿದರು, ಒಳಗಿನಿಂದ ಉತ್ತರವಿಲ್ಲ. ಇಬ್ಬರೂ ಸೇರಿ ಬಾಗಿಲ ಮುಂದಿನ ಹಿಮ ತೋಡಿ ಎಳೆದೆವು. ಇಪ್ಪತ್ತರ ಆಸುಪಾಸಿನ ಹುಡುಗ, ತಲೆ ಹಿಂದಕ್ಕೆ ಒರಗಿಸಿದ್ದಾನೆ. ಕೆನ್ನೆ ತಟ್ಟಿದರೆ “ತಲೆನೋವು, ಮಲಗಲು ಬಿಡಿ” ಎನ್ನುತ್ತಾನೆ. ಕೀ ತಿರುಗಿಸಿ ಇಂಜಿನ್ ಆರಿಸಿ, ಅವನನ್ನು ಗಾಳಿಗೆ ಎಳೆದುಕೊಂಡೆವು. ಹಿಮದ ಮೇಲೆ ಕೂತು ವಾಂತಿ ಮಾಡಿದ. ಆಮೇಲೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ನಿದ್ದೆ ಹೋಗಗೊಡದಂತೆ ರಾಯರು ಅವನಿಗೆ ಧಾರವಾಡದ ಮಳೆ, ಪೇಢೆ, ಕರ್ನಾಟಕ ಕಾಲೇಜು, ತಮ್ಮ ಅವ್ವ ಎಂದು ಇಂಗ್ಲಿಷಿನಲ್ಲಿ ಮಾತು ಬೆಳೆಸುತ್ತಲೇ ಹೋದರು. ಉಳಿದಿದ್ದ ಎರಡು ಚಪಾತಿ, ಶೇಂಗಾ ಚಟ್ನಿಪುಡಿಯನ್ನು ಮೂವರೂ ಹಂಚಿಕೊಂಡೆವು. ಹುಡುಗ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡ. “ಛಲೋ ಆತು, ಎಚ್ಚರ ಇರತಾನ” ಎಂದು ರಾಯರು ಇನ್ನಷ್ಟು ಹಾಕಿದರು.

ಬೆಳಕು ಹರಿದ ಮೇಲೆ ಹಗ್ಗ ಹಿಡಿದುಕೊಂಡು ಒಂದಷ್ಟು ಜನ ಕಾರಿನಿಂದ ಕಾರಿಗೆ ಗಾಜು ಬಡಿಯುತ್ತ ಬಂದರು. ಅದೇ ಹಗ್ಗ ಹಿಡಿದು, ಸೊಂಟದ ತನಕ ಹೂತುಕೊಂಡು, ನೀಡಮ್‌ನ ಒಂದು ಚರ್ಚು ಮುಟ್ಟಿದೆವು. ಬೆಂಚುಗಳ ಮೇಲೆ, ನೆಲದ ಮೇಲೆ ಜನ ಮಲಗಿದ್ದರು. ಸುತ್ತಲ ಮನೆಯವರು ಮಕ್ಕಳ ಜಾರುಬಂಡಿಯ ಮೇಲೆ ಕಂಬಳಿ, ಬ್ರೆಡ್ಡು, ಸೂಪಿನ ಪಾತ್ರೆ ಇಟ್ಟು ಎಳೆದುಕೊಂಡು ಬರುತ್ತಿದ್ದರು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಫೋನಿನ ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಹೆಂಡತಿ “ಅಯ್ಯೋ, ಎಲ್ಲಿದ್ದೀರಿ? ಊಟ ಆಯ್ತಾ?” ಎಂದಳು. ಆಯಿತು ಎಂದೆ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ಹಿಂದೆ ನಿಂತವರಿಗೆ ಫೋನು ಬಿಟ್ಟುಕೊಟ್ಟೆ.

ಸಮುದ್ರದ ದಂಡೆಯ ಊರುಗಳ ಪಾಡು ನಮ್ಮದಕ್ಕಿಂತ ಕೆಟ್ಟದ್ದು. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಬಿರುಗಾಳಿ ಜತೆಯಾಗಿ ರಿವಿಯರ್, ಹಲ್, ಸಿಚುವೇಟ್ ಊರುಗಳ ಮನೆಗಳೊಳಗೆ ಕಡಲು ನುಗ್ಗಿತು. ಗವರ್ನರ್ ಮೈಕೆಲ್ ಡುಕಾಕಿಸ್ ಸ್ವೆಟರ್ ತೊಟ್ಟು ಟಿವಿಯಲ್ಲಿ ಬಂದು ಕಾರು ತೆಗೆಯಬೇಡಿ ಎಂದು ಹೇಳಿದರು. ಖಾಸಗಿ ಕಾರುಗಳ ಮೇಲಿನ ಆ ನಿಷೇಧ ಸುಮಾರು ಒಂದು ವಾರ ನಡೆಯಿತು. ಜನ ಸ್ಕೀ ಕಟ್ಟಿಕೊಂಡು ಹಾಲು ತರಲು ಹೋದರು. 128ರ ಮೇಲೆ ಹೂತಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರುಗಳನ್ನು, ನೂರಾರು ಲಾರಿಗಳನ್ನು ಸೈನಿಕರು ಒಂದೊಂದಾಗಿ ಅಗೆದು ತೆಗೆದರು.

ಆ ಬಿರುಗಾಳಿಗೆ ಒಟ್ಟು ಸುಮಾರು 100 ಜನ ತೀರಿಕೊಂಡರು. ಅವರಲ್ಲಿ 14 ಜನ ಸತ್ತದ್ದು ಹಿಮದಲ್ಲಿ ಸಿಕ್ಕಿಕೊಂಡ ಕಾರುಗಳೊಳಗೆ, ಕಾರ್ಬನ್ ಮೊನಾಕ್ಸೈಡ್ ಕುಡಿದು. ರಕ್ತದ ಹಿಮೋಗ್ಲೋಬಿನ್‌ಗೆ ಆ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂದು ಆಮೇಲೆ ಓದಿದೆ. ಅವರಲ್ಲಿ ಯಾರೂ ದಡ್ಡರಲ್ಲ. ಚಳಿ ಎಂದು ಹೀಟರ್ ಹಾಕಿಕೊಂಡು ಕೂತವರು, ಅಷ್ಟೇ. ಗಾಜು ಬಡಿಯಲು ಅವರ ಪಕ್ಕದಲ್ಲಿ ರಾಯರಂಥವರು ಇರಲಿಲ್ಲ.

ರಾಯರು ಈಗಿಲ್ಲ. ನಿಮ್ಮ ಮಗನೋ ಮಗಳೋ ಬಾಸ್ಟನ್, ಶಿಕಾಗೊ, ಟೊರಾಂಟೊ ಕಡೆ ಇದ್ದರೆ ಈ ವಾರದ ಫೋನಿನಲ್ಲಿ ರಾಯರ ಮಾತನ್ನು ನೀವು ದಾಟಿಸಿ. ಡಿಕ್ಕಿಯಲ್ಲಿ ಒಂದು ಸಲಿಕೆ, ಒಂದು ಕಂಬಳಿ ಇರಲಿ. ಹಿಮದಲ್ಲಿ ಕಾರು ನಿಂತುಬಿಟ್ಟರೆ ಮೊದಲು ಇಳಿದು ಸೈಲೆನ್ಸರ್ ಬಾಯಿ ಬಿಡಿಸಬೇಕು, ಆಮೇಲೆ ಇಂಜಿನ್, ಅದೂ ಹತ್ತೇ ನಿಮಿಷ, ಗಾಜು ಬೆರಳಷ್ಟು ತೆರೆದಿಟ್ಟು. ಪಕ್ಕದ ಕಾರಿನ ಗಾಜನ್ನೂ ಒಮ್ಮೆ ಬಡಿಯಲು ಹೇಳಿ.