ಚಾಲಕರೊಡನೆ ಮಾತನಾಡಬಾರದು

ಟಿಟಿಯ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಅದೇ, ಟೆಂಪೊ ಟ್ರಾವೆಲರ್. 2,596 ಸಿಸಿ ಡೀಸೆಲ್ ಇಂಜಿನ್, ನಾಲ್ಕು ಸಿಲಿಂಡರ್, ಟರ್ಬೊ, ಕಾಮನ್ ರೈಲ್, 115 ಎಚ್‌ಪಿ, 350 ನ್ಯೂಟನ್ ಮೀಟರ್ ಟಾರ್ಕ್. ಅದೂ 1,400 ಆರ್‌ಪಿಎಂನಷ್ಟು ಕೆಳಗೇ ಸಿಕ್ಕಿಬಿಡುತ್ತದೆ ಎನ್ನುವಾಗ ನನ್ನ ದನಿ ಏರುತ್ತದಂತೆ. ಹೇಳಿದ್ದು ನನ್ನ ಹೆಂಡತಿ. ನಮ್ಮ ಮನೆಯ ವ್ಯಾನು ಹಳೆಯದು. ಅಣ್ಣ, ನಾನು, ಚಿಕ್ಕಪ್ಪನ ಮಗ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಅದಕ್ಕೆ ಅಷ್ಟು ಶಕ್ತಿಯಿಲ್ಲ. ಆದರೂ ಯಾರಾದರೂ ಕೇಳಿದರೆ ಹೊಸ ಮಾಡೆಲ್ಲಿನ ಅಂಕಿಗಳನ್ನೇ ಹೇಳುತ್ತೇನೆ. ಸುಳ್ಳು ಹೇಳಿದೆ ಅಂತ ಅನ್ನಿಸುವುದಿಲ್ಲ, ಯಾಕೆಂದರೆ 'ನಮ್ಮದರಲ್ಲಿ' ಎಂಬ ಮಾತನ್ನು ಬಾಯಿಗೆ ತಂದಿರುವುದಿಲ್ಲ. ಇಂಥ ಸಣ್ಣ ಜಾಣತನ ನನ್ನಲ್ಲಿ ಬೇಕಾದಷ್ಟಿದೆ.

ಕೇಳಿದವರಿಗೆ ಬೇಕಾಗಿದ್ದು ಅದಲ್ಲ ಎಂಬುದೂ ನನಗೆ ಗೊತ್ತಿರುತ್ತದೆ. ನಾಮಕರಣವೊಂದರ ಪಂಕ್ತಿಯಲ್ಲಿ ಪಕ್ಕ ಕೂತ ಭಾವಮೈದ "ಗಾಡಿ ಹೆಂಗೈತೆ ಭಾವ?" ಅಂದ. ನಾನು ವೀಲ್‌ಬೇಸ್ ವಿವರಿಸಿದೆ. 3,350 ಮಿಲಿಮೀಟರಿನದಾದರೆ ಘಾಟಿಗೆ ಸಲೀಸು. 4,020ರದ್ದು ಹೆಚ್ಚು ಜನ ಹಿಡಿಯುತ್ತದೆ, ಆದರೆ ಹೇರ್‌ಪಿನ್ ತಿರುವಿನಲ್ಲಿ ಎದುರಿನವನ ಜಾಗವೂ ಬೇಕು ಅನ್ನುತ್ತದೆ, ಹೀಗೆ. ಅವನು ಪಾಯಸ ಮುಗಿಸಿ ಎದ್ದ. ಅವನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು, ಅದನ್ನು ಹೇಳಿಕೊಳ್ಳಲು ನನ್ನ ಪಕ್ಕ ಹುಡುಕಿಕೊಂಡು ಕೂತಿದ್ದ ಅಂತ ಆಮೇಲೆ ಬೇರೆಯವರಿಂದ ತಿಳಿಯಿತು. ಪೂರ್ತಿ ಆಮೇಲೆ ಅನ್ನಲಾರೆ. ಕೂತಾಗಲೇ ಅವನ ಮುಖದಲ್ಲಿ ಏನೋ ಇತ್ತು. ಬಹುಶಃ ಅದಕ್ಕೇ ನಾನು ವೀಲ್‌ಬೇಸ್ ಹಿಡಿದುಕೊಂಡೆ.

ಈ ಗಾಡಿಯ ಮೇಲಿನ ಮೋಹಕ್ಕೆ ಕಾರಣ ಇಲ್ಲದೆಯೂ ಇಲ್ಲ. ಇದರ ಮೂಲ ಜರ್ಮನಿಯದು. ಮರ್ಸಿಡಿಸ್‌ನವರು 1977ರಲ್ಲಿ ಟಿ1 ಅಂತ ಒಂದು ವ್ಯಾನು ತಂದರು. ಅದೇ ವಿನ್ಯಾಸ ಹಿಡಿದು ಪುಣೆಯ ಬಜಾಜ್ ಟೆಂಪೊ ಕಂಪನಿ 1987ರಲ್ಲಿ ಟ್ರಾವೆಲರ್ ಹೊರಡಿಸಿತು. ಅಲ್ಲಿ 1995ಕ್ಕೆ ಸ್ಪ್ರಿಂಟರ್ ಬಂದು ಹಳೆಯದು ಮೂಲೆ ಸೇರಿದರೆ, ಇಲ್ಲಿ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಎಂದಾದ ಮೇಲೂ ಗಾಡಿ ಓಡುತ್ತಲೇ ಇದೆ. ಮೊದಲಿಗೆ ಬಂದದ್ದು ಟರ್ಬೊ ಇಲ್ಲದ 2.4 ಲೀಟರ್ ಇಂಜಿನ್, ಓಎಂ616. ಮರ್ಸಿಡಿಸ್ 240ಡಿ ಕಾರಿನಲ್ಲಿದ್ದದ್ದು ಅದೇ. ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿ, ಹೀಟರ್ ಕಾಯುವ ತನಕ ಸುಮ್ಮನೆ ಕೂತು, ಆಮೇಲೆ ಸ್ಟಾರ್ಟ್ ಮಾಡಬೇಕಿತ್ತು. ಆ ಕಾಯುವಿಕೆ ನನಗೆ ಇಷ್ಟ. ಹಿಂದೆ ಜನ ಹತ್ತುತ್ತಾ, ಜಗಳವಾಡುತ್ತಾ, ಚೀಲ ಎಣಿಸುತ್ತಾ ಇರುವಾಗ ನನಗೆ ಮಾತ್ರ ಮಾಡಲೇಬೇಕಾದ ಬೇರೆ ಕೆಲಸ ಒಂದಿರುತ್ತಿತ್ತು.

ಚಾರ್ಮಾಡಿಯಲ್ಲಿ ಓಡಿಸಿದವರಿಗೆ ಇದರ ಗುಣ ಗೊತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರುಮಾಡಿದರೆ ಉಜಿರೆಯ ಕಡೆಯ ಸೆಕೆ ತಟ್ಟುವವರೆಗೂ ಕೈಕಾಲಿಗೆ ಕೆಲಸ. ಡೀಸೆಲ್ ಇಂಜಿನ್ನಿನ ವೇಗ ಹತೋಟಿಯಲ್ಲಿರುವುದು ಎಷ್ಟು ಡೀಸೆಲ್ ಹೋಯಿತು ಅನ್ನುವುದರಿಂದ, ಪೆಟ್ರೋಲಿನದರ ಹಾಗೆ ಗಾಳಿಯನ್ನು ಕಟ್ಟಿಹಾಕಿ ಅಲ್ಲ. ಅದಕ್ಕೇ ಆಕ್ಸಿಲರೇಟರಿನಿಂದ ಕಾಲು ತೆಗೆದ ಮಾತ್ರಕ್ಕೆ ಗಾಡಿ ಹಿಡಿದುಕೊಳ್ಳುವುದಿಲ್ಲ. ಗೇರು ಇಳಿಸಬೇಕು, ಅದೂ ತಿರುವಿಗೆ ಮೊದಲೇ. ಹತ್ತಿದ ಗೇರಿನಲ್ಲೇ ಇಳಿ ಎನ್ನುವುದು ಹಳೆಯ ಡ್ರೈವರುಗಳ ಲೆಕ್ಕ. ಬರೀ ಬ್ರೇಕಿನ ಮೇಲೆ ಇಳಿಸಿದರೆ ಅರ್ಧ ಘಾಟಿಗೇ ಲೈನಿಂಗ್ ಸುಟ್ಟ ವಾಸನೆ. ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಈಗಿನ ಇಂಜಿನ್ನಿನಲ್ಲಿ ಗೇರಿನಲ್ಲಿಟ್ಟು ಕಾಲು ತೆಗೆದರೆ ಡೀಸೆಲ್ ಪೂರಾ ನಿಂತುಹೋಗುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚು. ಇಂಜಿನ್ನನ್ನೇ ಆಫ್ ಮಾಡುವವರ ವಿಷಯ ಬೇಡ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ತಿರುಗುವುದು ಇಂಜಿನ್ನಿನಿಂದಲೇ. ಹತ್ತುವಾಗ ಮಾತ್ರ ಇದು ಬೇರೆಯೇ ಗಾಡಿ. ಕಿರುಚಿಸುವ ಅಗತ್ಯವಿಲ್ಲ, 3,000 ದಾಟಿದರೆ ಏನೂ ಸಿಗುವುದಿಲ್ಲ. ಥರ್ಡ್‌ನಲ್ಲಿ ಬಿಟ್ಟು, ಟರ್ಬೊ ಶಿಳ್ಳೆ ಕೇಳುತ್ತಾ, ಜನ ತುಂಬಿದ ಗಾಡಿಯನ್ನು ಗೊಣಗದೆ ಏರಿಸಿಕೊಂಡು ಹೋಗಬಹುದು. ಆಗ ಆಗುವ ಸುಖವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ನೋಡಿ, ಒಂದು ಪ್ಯಾರಾ ಪೂರ್ತಿ ಇದರಲ್ಲೇ ಹೋಯಿತು, ಭಾವಮೈದನಿಗೆ ಎರಡು ಸಾಲು.

ನಮ್ಮ ಮನೆಯಲ್ಲಿ ನನಗೊಂದು ಹೆಸರಿದೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಮದುವೆ, ತಿಥಿ, ಎಲ್ಲಿಗೇ ಆದರೂ "ಅವನಿದ್ದಾನಲ್ಲ" ಅನ್ನುತ್ತಾರೆ. ಪಾಪ, ಎಲ್ಲರೂ ನಿದ್ದೆ ಮಾಡಿದರೂ ಅವನು ಮಾಡುವಂತಿಲ್ಲ ಎಂದು ಅತ್ತೆ ಕರುಣೆ ತೋರುತ್ತಾರೆ. ಸೇವೆ ಅಂತಲೇ ಲೆಕ್ಕ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಈಗಲೂ ಪೂರಾ ಅಲ್ಲ ಅನ್ನಲು ಮನಸ್ಸು ಒಪ್ಪುವುದಿಲ್ಲ. ದಣಿವಂತೂ ನಿಜ, ಊರಿಗೆ ಮುಟ್ಟಿಸಿದ್ದೂ ನಿಜ. ಆದರೆ ಬಸ್ಸುಗಳಲ್ಲಿ ಬರೆದಿರುತ್ತದಲ್ಲ, ಚಾಲಕರೊಡನೆ ಮಾತನಾಡಬಾರದು ಅಂತ, ನನಗೆ ಬೇಕಾಗಿದ್ದು ಆ ಬೋರ್ಡು. ಡೀಸೆಲ್ ವ್ಯಾನಿನಲ್ಲಿ ಅದನ್ನು ಬರೆಸಬೇಕಾಗಿಯೂ ಇಲ್ಲ. ಇಂಜಿನ್ ಕಾಲ ಹತ್ತಿರವೇ ಇರುತ್ತದೆ, ಎರಡನೇ ಸಾಲಿನಿಂದ ಆಚೆಯ ಮಾತು ಮುಂದಕ್ಕೆ ಬರುವಷ್ಟರಲ್ಲಿ ಅರ್ಧ ಸವೆದಿರುತ್ತದೆ. ಅಮ್ಮ ಏನೋ ಕೇಳಿದರೆ "ಆಂ?" ಅನ್ನುತ್ತೇನೆ. ಎರಡು ಸಲ "ಆಂ" ಅಂದರೆ ಯಾರೂ ಮೂರನೇ ಸಲ ಕೇಳುವುದಿಲ್ಲ.

ದೊಡ್ಡಪ್ಪ ತೀರಿಕೊಂಡಾಗ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ನನಗೆ ಸೈಕಲ್ ಕಲಿಸಿದ್ದು ಅವರು, ಮೊದಲ ಸಲ ಜೀಪಿನ ಸ್ಟೇರಿಂಗ್ ಹಿಡಿಸಿದ್ದೂ ಅವರೇ. ದಾರಿಯುದ್ದಕ್ಕೂ ಅವರ ಮಗ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಕುಡಿಕೆ ಇಟ್ಟುಕೊಂಡು ಕೂತಿದ್ದ. ಕನ್ನಡಿಯಲ್ಲಿ ಕಾಣುತ್ತಿದ್ದ. ನಾನು ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ, ಹಿಂದಿನ ಗಾಡಿಗಳು ಕಾಣಲಿ ಎಂದು. ಹಿಂದಿನ ಗಾಡಿಗಳನ್ನು ನಾನು ನೋಡುವುದು ಪಕ್ಕದ ಕನ್ನಡಿಗಳಲ್ಲಿ. ಹೊಳೆಯ ಹತ್ತಿರ ಎಲ್ಲರೂ ಇಳಿದ ಮೇಲೆ ಗಾಡಿಗೆ ನೆರಳಿನ ಜಾಗ ಹುಡುಕಿದೆ, ಟೈರುಗಳನ್ನು ಒದ್ದು ಗಾಳಿ ನೋಡಿದೆ, ರೇಡಿಯೇಟರಿನ ನೀರು ನೋಡಿದೆ. ಶಾಸ್ತ್ರ ಮುಗಿದ ಮೇಲೆ ಹೋದೆ. ಯಾರೂ ಏನೂ ಅನ್ನಲಿಲ್ಲ, ಗಾಡಿ ನೋಡಿಕೊಳ್ಳಲು ಒಬ್ಬ ಬೇಕೇ ಬೇಕಲ್ಲ. ಅಳು ಬಂದೀತೆಂಬ ಹೆದರಿಕೆಯಿಂದ ತಪ್ಪಿಸಿಕೊಂಡೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ನನಗೆ ಅನುಮಾನ ಇರುವುದು ಅಳು ಬಾರದೇ ಹೋದೀತು ಎಂಬ ಹೆದರಿಕೆಯ ಮೇಲೆ.

ಇನ್ನೊಂದು ಸಂಗತಿ ಇದಕ್ಕಿಂತ ನಾಚಿಕೆಯದು. ವ್ಯಾನು ಕೊಳ್ಳುವ ಮೊದಲು ನಾವು ಹಳದಿ ಬೋರ್ಡಿನ ಟಿಟಿ ಬಾಡಿಗೆಗೆ ಹಿಡಿಯುತ್ತಿದ್ದೆವು. ಆ ಡ್ರೈವರುಗಳು ನಾನು ಮಾಡುವುದನ್ನೇ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. 80ಕ್ಕೆ ಸ್ಪೀಡ್ ಗವರ್ನರ್ ಕಟ್ಟಿದ ಗಾಡಿಯಲ್ಲಿ, ನಿದ್ದೆಗೆಟ್ಟು, ನಮ್ಮವರ ಬೈಗುಳ ಕೇಳಿಕೊಂಡು. ಅವರಿಗೆ ಊಟ ಆಯಿತೇ ಅಂತ ಕೇಳಲು ನಮಗೆ ನೆನಪಾಗುತ್ತಿದ್ದದ್ದು ಅವರು ಸ್ಟಾರ್ಟ್ ಮಾಡಿದ ಮೇಲೆ. ರಾತ್ರಿ ಅವರು ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಿದ್ದರು, ಗಾಜು ಸ್ವಲ್ಪ ಇಳಿಸಿಕೊಂಡು. ನಾನು ಓಡಿಸಿದರೆ ಕೊಟ್ಟಿಗೆಹಾರದಲ್ಲಿ ಮೊದಲ ದೋಸೆ ನನಗೆ, ಛತ್ರದಲ್ಲಿ ಫ್ಯಾನಿನ ಕೆಳಗಿನ ಜಾಗ ನನಗೆ. ಅವರ ಏಕಾಂತ ನನಗೆ ಬೇಕು, ಅವರ ಬಾಟಾ, ಅವರ ಸೊಳ್ಳೆ ಬೇಡ.

ಓಡಿಸುವವನಿಗೆ ಹೊಟ್ಟೆ ತೊಳಸುವುದಿಲ್ಲ. ಮುಂದಿನ ತಿರುವು ಅವನ ಕೈಗೆ ಮೊದಲೇ ಗೊತ್ತಿರುತ್ತದೆ, ದೇಹ ಅದಕ್ಕೆ ತಯಾರಾಗಿರುತ್ತದೆ. ಹಿಂದಿನವರ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುವುದು ತಿರುವು. ಎರಡೂ ಒಪ್ಪಂದಕ್ಕೆ ಬಾರದೆ ವಾಂತಿ. ಅದರಲ್ಲೂ ಹಿಂದಿನ ಗಾಲಿಯ ಆಚೆ ಕೂತವರಿಗೆ ಯಾವ ವ್ಯಾನಾದರೂ ಎತ್ತಿ ಹಾಕುತ್ತದೆ. ಭಾರ ಹೊರಲು ಮಾಡಿದ ಪಟ್ಟಿ ಸ್ಪ್ರಿಂಗು ನಾಲ್ಕು ಜನರಿಗೆಲ್ಲ ಬಗ್ಗುವುದಿಲ್ಲ. ಇಷ್ಟೆಲ್ಲ ತಿಳಿದವನು ನಾನು. ಚಿಕ್ಕಮ್ಮ ನಿಂಬೆಹಣ್ಣು ಮೂಸುತ್ತಾ ಕವರ್ ಹಿಡಿದುಕೊಂಡು ಕೂತಿದ್ದರೂ ತಿರುವಿನಲ್ಲಿ ನನ್ನ ವೇಗ ತಗ್ಗುತ್ತಿರಲಿಲ್ಲ. ಬೇಕೆಂದೇ ಅಲ್ಲ. ತಿರುವು ಚೆನ್ನಾಗಿ ಬರುತ್ತಿತ್ತು, ಅಷ್ಟೇ. ಗಾಡಿಗೆ ಒಳ್ಳೆಯ 'ಕ್ಯಾರೆಕ್ಟರ್' ಇದೆ ಅಂತ ನಾನು ಹೊಗಳುವುದರಲ್ಲಿ ಎಷ್ಟು ಪಾಲು ಅವರ ಹೊಟ್ಟೆಯಿಂದ ಬಂದದ್ದೋ.

ಹೆಂಡತಿ ಒಂದು ಸಲ ಹಟ ಹಿಡಿದಳು. "ಡ್ರೈವರ್ ಇಟ್ಟುಕೊಳ್ಳಿ, ನೀವೂ ಹಿಂದೆ ಬಂದು ಕೂತ್ಕೊಳ್ಳಿ." ದುಡ್ಡು ದಂಡ ಅಂದೆ, ಕ್ಲಚ್ ಹಾಳಾಗುತ್ತೆ ಅಂದೆ. ಕೊನೆಗೆ ಒಪ್ಪಿದೆ. ಕಡೇ ಸಾಲಿನಲ್ಲಿ ಚಿಕ್ಕಪ್ಪನ ಮಗಳ ಪಕ್ಕ ಜಾಗ ಸಿಕ್ಕಿತು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಯಾರ ಹತ್ತಿರವೂ ಹೆಚ್ಚು ಮಾತಾಡಿರಲಿಲ್ಲ. ಮೂಡಿಗೆರೆ ದಾಟಿದ ಮೇಲೆ, ಯಾಕೋ, ಶುರುಮಾಡಿದಳು. ಅಲ್ಲಿ ಅವಳಿಗೆ ಊಟ ಬಡಿಸುವ ಹೊತ್ತಿನ ಬಗ್ಗೆ, ಬಾಗಿಲಿನ ಚಿಲಕದ ಬಗ್ಗೆ. ನಾನು ತಲೆಯಾಡಿಸುತ್ತಿದ್ದೆ. ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಡ್ರೈವರು ಏರಿನಲ್ಲಿ ಫೋರ್ತ್ ಎಳೆಯುತ್ತಿದ್ದ, ಇಂಜಿನ್ ನಡುಗುವುದು ಸೀಟಿನ ಕೆಳಗೆ ತಿಳಿಯುತ್ತಿತ್ತು. ಅವಳು ಏನೋ ಕೇಳಿದಳು. ನಾನು ಜೋರಾಗಿಯೇ, "ಈಗ ಥರ್ಡ್ ಹಾಕಬೇಕಿತ್ತು," ಅಂದೆ.

ಅವಳು ನಕ್ಕಳು. ಹೌದು ಅಣ್ಣ, ಹಾಕಬೇಕಿತ್ತು, ಅಂದಳು. ಆಮೇಲೆ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡಳು. ಆ ನಗುವನ್ನು ನೆನೆದು ಒಂದೊಂದು ದಿನ ಸಮಾಧಾನ ಮಾಡಿಕೊಳ್ಳುತ್ತೇನೆ, ಪರವಾಗಿಲ್ಲ, ಅವಳೇ ತಮಾಷೆಗೆ ತೆಗೆದುಕೊಂಡಳು ಎಂದು. ಅವಳು ಕೇಳಿದ ಪ್ರಶ್ನೆ ಏನೆಂಬುದು ನನಗೆ ಇವತ್ತಿಗೂ ತಿಳಿಯದು. ಫೋನ್ ಮಾಡಿ ಕೇಳಬಹುದು. ಆವತ್ತು ನೀನು ಕೇಳಿದ್ದೇನು ಎಂದು ಕೇಳುವುದಕ್ಕೆ ಅಂಥ ಧೈರ್ಯವೇನೂ ಬೇಕಿಲ್ಲ. ಕೇಳಿದರೆ ಅವಳು ಹೇಳುತ್ತಾಳೆ, ಆಗ ಗಾಡಿ ಚಲಿಸುತ್ತಿರುವುದಿಲ್ಲ, ನನಗೆ ಉತ್ತರ ಕೊಡಬೇಕಾಗುತ್ತದೆ.

ಅಂದರೆ ಸೀಟು ಬದಲಾಯಿಸಿದರೆ ಸರಿಹೋಗುವ ಕಾಯಿಲೆಯಲ್ಲ ಇದು. ನಾನು ಸ್ಟೇರಿಂಗನ್ನು ಬೈದದ್ದೂ ಇನ್ನೊಂದು ನೆಪವೇ ಇರಬಹುದು. ಇದನ್ನು ಬರೆಯುವಾಗ ಮೊದಲ ಸಾಲುಗಳಲ್ಲಿ 2,596 ಎಂದು ಹಾಕಿದಾಗ ಆದ ಖುಷಿ, ಚಿಕ್ಕಪ್ಪನ ಮಗಳ ಹತ್ತಿರ ಬಂದಾಗ ಆಗಲಿಲ್ಲ. ಅಲ್ಲಿ ಎರಡು ಸಲ ಎದ್ದು ನೀರು ಕುಡಿದು ಬಂದೆ. ಆ ಭಾಗ ಬರೆದು ಮುಗಿಸಿದ ಮೇಲೆ ಫೋನ್ ಮಾಡಿದಷ್ಟೇ ಹಗುರವಾಯಿತು, ಅದೂ ಒಳ್ಳೆಯ ಲಕ್ಷಣವಲ್ಲ.

ಮುಂದಿನ ತಿಂಗಳು ಹೊರನಾಡಿಗೆ ಹೊರಟಿದ್ದಾರೆ. ಡ್ರೈವರ್ ಹೇಳಲೇ ಅಂತ ಅಣ್ಣ ಕೇಳಿದ. ಆ ಹುಡುಗನಿಗೆ ಘಾಟಿ ಅಭ್ಯಾಸವಿಲ್ಲ, ಏರಿನಲ್ಲಿ ಫೋರ್ತ್ ಎಳೆಯುತ್ತಾನೆ, ನಾನೇ ಓಡಿಸುತ್ತೇನೆ ಅಂದೆ. ಹುಡುಗ ಫೋರ್ತ್ ಎಳೆಯುವುದಂತೂ ನಿಜ.