ಪೆಟ್ಟಿಗೆಯ ವಿಚಾರಣೆ

ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ತಲೆ ನರೆತ ಮೇಸ್ತ್ರಿಗಳಿಗೆ ಒಂದು ಕಾಲದಲ್ಲಿ ಕಿವಿಯೇ ಬಂಡವಾಳವಾಗಿತ್ತು. ಲಾರಿ ಅಂಗಳಕ್ಕೆ ಬಂದು ನಿಲ್ಲುವುದರೊಳಗೆ ಅದರ ರೋಗ ಅವರಿಗೆ ತಿಳಿದುಹೋಗುತ್ತಿತ್ತು. ಹೊಗೆ ಕಪ್ಪಾದರೆ ಒಂದು ಕಾರಣ, ಬಿಳುಪಾದರೆ ಇನ್ನೊಂದು, ನೀಲಿಯಾದರೆ ಎಂಜಿನ್ನು ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆಯೆಂದು ಅರ್ಥ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರೆಂದರೆ, ನಾಡಿ ಹಿಡಿದು ಕುಳಿತ ಪಂಡಿತರಿಗೂ ಅವರಿಗೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ.

ಡೀಸೆಲನ್ನು ಅಳೆದು ಸಿಲಿಂಡರುಗಳಿಗೆ ಹಂಚುವ ಕೆಲಸ ಆಗ ಪಂಪಿನದು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪೆನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯಲ್ಲಿ ತಯಾರಾದ ಇಂಥ ಪಂಪುಗಳು ನಾಡಿನ ರಸ್ತೆಗಳಲ್ಲೆಲ್ಲ ಓಡಾಡಿವೆ. ಪಂಪಿನ ಮುಖ್ಯ ತಿರುಪಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿರುತ್ತಿದ್ದರು. ಅದನ್ನು ಒಡೆಯಕೂಡದೆಂಬುದು ನಿಯಮ. ಒಡೆಯಲು ಒಂದು ಇಕ್ಕಳ ಸಾಕೆಂಬುದು ಲೋಕಾನುಭವ.

2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 4, 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ಕಟ್ಟಳೆಗಳು ಜಾರಿಗೆ ಬಂದುವು. ಅವುಗಳಿಗೆ ತಲೆಬಾಗಿ ಪಂಪು ತನ್ನ ಅಳೆಯುವ ಅಧಿಕಾರವನ್ನು ಒಂದು ಪೆಟ್ಟಿಗೆಗೆ ಒಪ್ಪಿಸಿತು. ದಪ್ಪ ಪುಸ್ತಕವೊಂದರ ಗಾತ್ರದ ಅಲ್ಯೂಮಿನಿಯಮ್ ಪೆಟ್ಟಿಗೆ ಅದು. ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್ ಎಂಬುದು ಪೂರ್ಣನಾಮ. ಗ್ಯಾರೇಜಿನ ಬಾಯಲ್ಲಿ ಇ.ಸಿ.ಎಂ. ಎಂಜಿನ್ನಿನ ಮೈಗೇ ಅಂಟಿಕೊಂಡು, ಅದರ ಕಾವನ್ನೂ ನಡುಕವನ್ನೂ ಹಗಲಿರುಳು ಸಹಿಸುತ್ತ, ಯಾವ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಎಷ್ಟು ಹನಿ ಎಂಬುದನ್ನು ಅದು ನಿರ್ಧರಿಸುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದರ ತಲೆ ಬಿಸಿಯಾಗದಿರಲೆಂದು ಬೆನ್ನಿನ ತಟ್ಟೆಯೊಳಗೆ ಡೀಸೆಲನ್ನೇ ಹರಿಸುವುದುಂಟು. ಇಷ್ಟು ಉಪಚಾರ ಪಡೆಯುವ ವಸ್ತು ಅಗ್ಗವಾಗಿರುವುದು ಹೇಗೆ? ಅದರ ಬೆಲೆ ಕೇಳಿದ ಸಣ್ಣ ಮಾಲೀಕನಿಗೆ ಒಮ್ಮೆ ಕುಳಿತುಕೊಳ್ಳಬೇಕೆನಿಸುತ್ತದೆ.

ಬೆಲೆಯೇ ದೊಡ್ಡದಾದ ಮೇಲೆ ಅಪವಾದವೂ ದೊಡ್ಡದೇ. ಲಾರಿ ಏಕೆ ನಿಂತಿತೆಂದು ತಿಳಿಯದಿದ್ದಾಗಲೆಲ್ಲ ಬೆರಳು ಪೆಟ್ಟಿಗೆಯ ಕಡೆಗೇ ತಿರುಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಈಗಿನ ಹೆದ್ದಾರಿಯಲ್ಲಿ ದೊರೆಯದು. ಒತ್ತಡ ಅಳೆಯುವ, ವೇಗ ಅಳೆಯುವ ಸೆನ್ಸರುಗಳು ಅನೇಕ. ಅವುಗಳಲ್ಲಿ ಹಲವಕ್ಕೆ ಪೆಟ್ಟಿಗೆಯಿಂದ 5 ವೋಲ್ಟಿನ ವಿದ್ಯುತ್ತು ಹೋಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆಗಳು ಒಂದೇ ಕೊಳಾಯಿಯಿಂದ ನೀರು ಹಿಡಿಯುವಂತೆ ಕೆಲವು ಸೆನ್ಸರುಗಳು ಒಂದೇ ತಂತಿಯನ್ನು ಹಂಚಿಕೊಂಡಿರುತ್ತವೆ. ಎಲ್ಲೋ ಒಂದು ಕಡೆ ತಂತಿಯ ಸಿಪ್ಪೆ ಸವೆದು ಕಬ್ಬಿಣಕ್ಕೆ ತಗುಲಿತೆನ್ನಿ. ಆ 5 ವೋಲ್ಟು ಸೋರಿಹೋಗಿ ನಾಲ್ಕೂ ಸೆನ್ಸರುಗಳು ಒಟ್ಟಿಗೆ ಸುಳ್ಳು ಹೇಳತೊಡಗುತ್ತವೆ. ಸ್ಕ್ಯಾನರಿನ ಪರದೆಯ ಮೇಲೆ ದೂರುಗಳ ಸಾಲು! ಇಷ್ಟು ಭಾಗಗಳು ಒಂದೇ ಗಳಿಗೆಯಲ್ಲಿ ಕೆಡುವುದುಂಟೆ, ಕೆಟ್ಟಿರುವುದು ಮಿದುಳೇ ಎಂದು ಅವಸರದವನು ತೀರ್ಪು ಕೊಡುತ್ತಾನೆ. ಹೊಸ ಪೆಟ್ಟಿಗೆ ಬರುತ್ತದೆ, ಸವೆದ ತಂತಿ ಹಾಗೆಯೇ ಉಳಿಯುತ್ತದೆ, ಲಾರಿ ಅಲುಗುವುದಿಲ್ಲ.

ಸಿರಾದ ಹತ್ತಿರದ ಒಬ್ಬ ಮೇಸ್ತ್ರಿ ಇಂಥ ಅವಸರದವರಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ, ಕೋಲಾರದಿಂದ ಪುಣೆಗೆ ಟೊಮೇಟೊ ಹೊತ್ತು ಹೊರಟಿದ್ದ ಲಾರಿಯೊಂದನ್ನು ಅವರ ಗ್ಯಾರೇಜಿಗೆ ಎಳೆದು ತಂದರು. ತುಮಕೂರು ಬಿಟ್ಟಂದಿನಿಂದ ದೀಪ ಮಿಣುಕುತ್ತಿತ್ತಂತೆ. ಸಿರಾ ಮುಟ್ಟುವ ಮೊದಲೇ ಎಂಜಿನ್ನು ಉಸಿರು ಕಟ್ಟಿತು. ಡ್ರೈವರನೇ ಮಾಲೀಕ. ಲಾರಿಯ ಮೇಲೆ ಸಾಲ, ತಿಂಗಳಿಗೊಂದು ಕಂತು. ಮೇಲೆ ಬಿಸಿಲು, ಟಾರ್ಪಾಲಿನ ಕೆಳಗೆ ಕ್ಷಣಕ್ಷಣಕ್ಕೆ ಹಣ್ಣಾಗುತ್ತಿರುವ ಸರಕು. ಸಂಜೆಯ ಹೊತ್ತಿಗೆ ಅದನ್ನು ಬೇರೊಂದು ಲಾರಿಗೆ ತುಂಬಿಸಿ ಕಳುಹಿಸಿದ. ಬಾಡಿಗೆ ಅವರಿಗಾಯಿತು.

“ಇ.ಸಿ.ಎಂ. ಹೋಗಿದೆ ಅಂತ ಎಲ್ರೂ ಅಂತಾರೆ ಮೇಸ್ತ್ರಿ. ಹೊಸದು ತರಿಸಿಬಿಡಲಾ?”

“ಅಂತಾರೆ. ದುಡ್ಡು ಕೊಡೋನು ನೀನು ತಾನೆ? ತಾಳು.”

ಮೇಸ್ತ್ರಿ ಮೊದಲು ನೋಡಿದ್ದು ಬ್ಯಾಟರಿಗಳನ್ನು. ಹನ್ನೆರಡು ವೋಲ್ಟಿನ ಎರಡು ಸೇರಿ ಇಪ್ಪತ್ತನಾಲ್ಕು. ಬಳಿಕ ಫ್ಯೂಸು, ರಿಲೇ, ಅರ್ಥಿನ ತಂತಿ. ಪೆಟ್ಟಿಗೆಗೆ ಹೋಗುವ ತಂತಿಯಲ್ಲಿ ಮೀಟರು ಇಪ್ಪತ್ತನಾಲ್ಕನ್ನೇ ತೋರಿಸಿತು. ಅಷ್ಟಕ್ಕೇ ತೃಪ್ತರಾಗದೆ ಅದೇ ತಂತಿಗೆ ಹೆಡ್‌ಲೈಟಿನ ಬಲ್ಬೊಂದನ್ನು ಕಟ್ಟಿ ಉರಿಸಿದರು. ಒಳಗೆ ಒಂದೇ ಎಳೆ ಉಳಿದಿರುವ ತಂತಿಯೂ ಮೀಟರಿನ ಮುಂದೆ ಪೂರ್ಣ ವೋಲ್ಟೇಜನ್ನು ತೋರಿಸಬಲ್ಲುದು. ಬಲ್ಬಿನ ಭಾರ ಹೊರಿಸಿದಾಗಲೇ ಅದರ ಬಣ್ಣ ಬಯಲಾಗುವುದು. ಮಾತಿನ ಸ್ನೇಹಿತರಿಗೂ ಇದೇ ಪರೀಕ್ಷೆ ಹೊಂದೀತು, ಅದು ಬೇರೆ ವಿಷಯ. ಬಲ್ಬು ಪ್ರಕಾಶಮಾನವಾಗಿ ಉರಿಯಿತು. ಲಾರಿಯ ಪೆಟ್ಟಿಗೆಗಳು ಪರಸ್ಪರ ಮಾತನಾಡುವ ಹೆಣೆದ ಜೋಡಿ ತಂತಿಯನ್ನು, ಬ್ಯಾಟರಿ ಬಿಚ್ಚಿ, ಅಳೆದರು. 60 ಓಮ್ ಇರಬೇಕಾದಲ್ಲಿ 60 ಇತ್ತು. ಕೊನೆಗೆ ಎಂಜಿನ್ನಿನ ಕಡೆಯ ಕಪ್ಲರನ್ನೇ ಕಳಚಿ, ಬ್ಯಾಟರಿ ಮತ್ತೆ ಜೋಡಿಸಿ ಕೀಲಿ ತಿರುಗಿಸಿ, ಪೆಟ್ಟಿಗೆಯ ಪಿನ್ನಿನಲ್ಲೇ 5 ವೋಲ್ಟನ್ನು ಹುಡುಕಿದರು. ಈಗ ದೂರಲು ಯಾವ ಸೆನ್ಸರೂ ಇಲ್ಲ, ಯಾವ ಸವೆದ ತಂತಿಯೂ ಇಲ್ಲ. ಆದರೂ 5 ವೋಲ್ಟು ಇರಲಿಲ್ಲ.

ಮೇಸ್ತ್ರಿ ಮೀಟರನ್ನು ಕೆಳಗಿಟ್ಟರು. “ಎಲ್ಲಾದ್ರೂ ವೆಲ್ಡಿಂಗ್ ಮಾಡಿಸಿದ್ಯೇನಪ್ಪಾ?”

ಮಾಡಿಸಿದ್ದ. ಅಂದು ಬೆಳಗ್ಗೆ ಹಿಂಬದಿಯ ಹಲಗೆಯ ಕೊಂಡಿ ಮುರಿದಿತ್ತು. ತುಮಕೂರಿನಲ್ಲಿ ರಸ್ತೆಬದಿಯಲ್ಲೇ ಹತ್ತು ನಿಮಿಷದ ಕೆಲಸ. ಬ್ಯಾಟರಿ ಬಿಚ್ಚಿದ್ದರೇ? ಇಲ್ಲ. ವೆಲ್ಡಿಂಗಿನ ಅರ್ಥ್ ಕ್ಲಿಪ್ಪನ್ನು ಹಾಕಿದ್ದೆಲ್ಲಿ? ಮುಂದೆ, ಕ್ಯಾಬಿನ್ನಿನ ಹತ್ತಿರ ಚಾಸಿಗೆ. ನೂರಾರು ಆಂಪಿಯರುಗಳ ಪ್ರವಾಹ ಹಿಂದಿನ ಕೊಂಡಿಯಿಂದ ಮುಂದಿನ ಕ್ಲಿಪ್ಪಿಗೆ ಲಾರಿಯ ಉದ್ದಕ್ಕೂ ಹರಿಯುವಾಗ ಹಾದಿಯಲ್ಲಿ ಸಿಕ್ಕ ಅರ್ಥಿನ ತಂತಿಗಳೊಳಕ್ಕೂ ನುಗ್ಗಬಲ್ಲುದು. 5 ವೋಲ್ಟಿನ ಸೂಕ್ಷ್ಮದಲ್ಲಿ ಬದುಕುವ ಪೆಟ್ಟಿಗೆಗೆ ಅದು ಸಿಡಿಲಿನ ಸಮಾನ. ಅಂತೂ ಈ ಸಲ ಜ್ವರ ಎಮ್ಮೆಗೇ ಬಂದಿತ್ತು.

ಪೆಟ್ಟಿಗೆಯನ್ನು ಕಳಚುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಬ್ಯಾಟರಿ ಬಿಚ್ಚಬೇಕು, ಕಪ್ಲರಿನ ಬೀಗ ಎತ್ತಿ, ಪಿನ್ನುಗಳನ್ನು ಬೆರಳಿನಿಂದ ಮುಟ್ಟದೆ, ಬೋಲ್ಟುಗಳನ್ನು ತೆಗೆಯಬೇಕು, ಮರುದಿನ ಬೆಂಗಳೂರಿನಿಂದ ಬಂದ ಹೊಸದನ್ನು, ಮೇಲಿನ ಭಾಗದ ಸಂಖ್ಯೆ ಒಂದೇ ಎಂದು ನೋಡಿಕೊಂಡು, ಅದೇ ರಬ್ಬರುಗಳ ಮೇಲೆ ಕೂರಿಸಬೇಕು. ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಅನಂತರ. ಹೊಸ ಪೆಟ್ಟಿಗೆ ಹಸುಗೂಸು. ತಾನು ಯಾವ ಲಾರಿಯದೆಂದು ಅದಕ್ಕೆ ತಿಳಿಯದು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವಂತೆ ಚಾಸಿ ನಂಬರನ್ನು ಅದಕ್ಕೆ ಹೇಳಬೇಕು. ಅನಂತರ ಅಕ್ಷರಾಭ್ಯಾಸ: ಎಂಜಿನ್ನಿನ ಜಾತಕ, ಗಂಟೆಗೆ 80 ಕಿಲೋಮೀಟರಿನ ವೇಗಮಿತಿ, ಆರು ಇಂಜೆಕ್ಟರುಗಳ ಗುಣಾವಗುಣ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಇಂಜೆಕ್ಟರುಗಳು ಕೂಡ ಕೂದಲೆಳೆಯಷ್ಟು ಭಿನ್ನ. ಆ ಭೇದವನ್ನು ಒಂದೊಂದರ ಮೈಮೇಲೂ ಸಂಕೇತಾಕ್ಷರಗಳಲ್ಲಿ ಕೆತ್ತಿರುತ್ತಾರೆ.

ಈ ಪಾಠ ಹೇಳುವ ಅಧಿಕಾರ ಮೇಸ್ತ್ರಿಗಿಲ್ಲ. ಅದಕ್ಕೆ ಲಾರಿಯ ಕಂಪೆನಿಯ ತಂತ್ರಾಂಶ, ಅದರ ಗುಪ್ತಪದ, ಅದನ್ನು ಹೊತ್ತು ಬರುವ ಡಿಪ್ಲೊಮಾ ಹುಡುಗ ಬೇಕು. ಸೀಸದ ಮುದ್ರೆಯನ್ನು ಇಕ್ಕಳದಿಂದ ಒಡೆದ ಕೈ ಇಲ್ಲಿ ಸುಮ್ಮನೆ ಕಟ್ಟಿಕೊಳ್ಳಬೇಕು. 2022ರ ಜುಲೈ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಮೊದಲು ಗಮನಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೋಟಾರು ವಾಹನಗಳೂ ಇದ್ದುವು. ಆ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಜಾಲತಾಣವೂ ತೆರೆಯಿತು. ಹೊಗೆಯ ಕಟ್ಟಳೆಯನ್ನು ಯಾರೂ ತಿದ್ದದಂತೆ ಬೀಗ ಹಾಕಿದ್ದೇವೆಂದು ಕಂಪೆನಿಗಳು ಹೇಳುವ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸಾಲ ಮಾಡಿ ಲಾರಿ ಕೊಂಡವನು ತನ್ನ ಲಾರಿಗೆ ಅದರ ಹೆಸರು ಹೇಳಿಸಲು ಎರಡು ದಿನ ಕಾಯಬೇಕೆಂಬುದೂ ವಿಚಿತ್ರವೇ.

ಹುಡುಗ ಮೂರನೆಯ ದಿನ ಬಂದ. ಒಳ್ಳೆಯ ಹುಡುಗ; ಇನ್ನೂ ಎರಡು ಲಾರಿ ನೋಡುವುದಿದ್ದುದರಿಂದ ಅವಸರದಲ್ಲಿದ್ದ. ಲ್ಯಾಪ್‌ಟಾಪು ತೆರೆಯುತ್ತಿದ್ದವನನ್ನು ಮೇಸ್ತ್ರಿ ತಡೆದರು. ಎರಡು ದಿನ ಸೆಲ್ಫ್ ಹೊಡೆದು ಬ್ಯಾಟರಿ ಸೋತಿದೆ. ಪಾಠದ ನಡುವೆ ಕರೆಂಟು ಕುಸಿದರೆ ಹೊಸ ಪೆಟ್ಟಿಗೆಯೂ ಕೈಬಿಟ್ಟುಹೋದೀತು. ಚಾರ್ಜರು ಹಚ್ಚಿದ ಮೇಲೆಯೇ ಕೆಲಸ ಮುಂದುವರಿಯಿತು. ಸತ್ತ ಪೆಟ್ಟಿಗೆಯಿಂದ ಇಂಜೆಕ್ಟರಿನ ಸಂಕೇತಗಳು ದೊರೆಯುವಂತಿರಲಿಲ್ಲ. ಮೇಸ್ತ್ರಿ ಎಂಜಿನ್ನಿನ ಮುಚ್ಚಳ ತೆಗೆದು, ಎಣ್ಣೆ ಒರೆಸಿ, ಟಾರ್ಚು ಹಿಡಿದು ಒಂದೊಂದೇ ಅಕ್ಷರ ಓದಿದರು. ಹುಡುಗ ಬೆರಳಚ್ಚು ಮಾಡಿದ.

ಎಂಜಿನ್ನು ಮೊದಲ ಸಲಕ್ಕೇ ಎದ್ದಿತು. ಡ್ರೈವರನ ಮುಖ ಅರಳಿತು. ಪರದೆಯ ಮೇಲೆ ಒಂದು ದೂರೂ ಇರಲಿಲ್ಲ. ಮೇಸ್ತ್ರಿ ಮಾತ್ರ ತಲೆ ವಾಲಿಸಿ ನಿಂತಿದ್ದರು.

“ಎಲ್ಲೋ ಒಂದು ಕಡೆ ಎಡವುತ್ತಾ ಇದೆಯಲ್ಲಪ್ಪಾ.”

“ಲಿಮಿಟ್‌ನಲ್ಲೇ ಇದೆ, ಮೇಸ್ತ್ರಿ.”

“ಇರಬೋದು. ನಂಬರು ಇನ್ನೊಂದು ಸಲ ಓದು.”

ಮೂರನೆಯ ಮತ್ತು ನಾಲ್ಕನೆಯ ಇಂಜೆಕ್ಟರಿನ ಸಂಕೇತಗಳು ಅದಲುಬದಲಾಗಿದ್ದುವು. ತಿದ್ದಿದ ಮೇಲೆ ಎಂಜಿನ್ನಿನ ದನಿ ಸಮನಾಯಿತು. ಹುಡುಗ ಏನೂ ಹೇಳಲಿಲ್ಲ. ಹೊರಡುವಾಗ ಮೇಸ್ತ್ರಿಯ ಫೋನ್ ನಂಬರು ಬರೆದುಕೊಂಡ.

ಪೆಟ್ಟಿಗೆಯ ಹಣವನ್ನು ಡ್ರೈವರು ಹೆಂಡತಿಯ ಬಳೆ ಅಡವಿಟ್ಟು ಒದಗಿಸಿದ್ದ. ಮೇಸ್ತ್ರಿ ತಮ್ಮ ಕೂಲಿಯಲ್ಲಿ ಅರ್ಧವನ್ನು ಮುಂದಿನ ಬಾಡಿಗೆಗೆ ಬಿಟ್ಟರು. ಆಮೇಲೆ ಕೆಂಪು ಬಣ್ಣದ ಡಬ್ಬಿ ತರಿಸಿ, ಲಾರಿಯ ಹಿಂದೆ ಹೊಸ ಕೊಂಡಿಯ ಪಕ್ಕದಲ್ಲಿ, ‘ಹಾರನ್ ಮಾಡಿ’ ಎಂಬ ಬರಹದ ಕೆಳಗೆ, ದಪ್ಪ ಅಕ್ಷರಗಳಲ್ಲಿ ತಾವೇ ಬರೆದರು: ‘ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿ.’ ಬಣ್ಣ ಒಣಗುವವರೆಗೂ ಡ್ರೈವರು ಕಾಯಲಿಲ್ಲ. ಹಿರಿಯೂರಿನಲ್ಲಿ ಈರುಳ್ಳಿಯ ಲೋಡೊಂದಿದೆಯೆಂದು ಫೋನು ಬಂದಿತ್ತು.